ವರದಮೂಲದ ಸೀಮೆಯಲ್ಲಿ ಬೆಳಕಿನ ಕಸುಬು

ಸಾಗರದ ಪೇಟೆಯನ್ನು ಬಿಟ್ಟು ಇಕ್ಕೇರಿಯ ದಿಕ್ಕಿಗೆ ಹೊರಟರೆ, ಸುಮಾರು ಆರು ಕಿಲೋಮೀಟರುಗಳ ಅಂತರದಲ್ಲಿ ವರದಮೂಲವೆಂಬ ಪುಟ್ಟ ಊರು ಸಿಗುತ್ತದೆ. ಹೆಸರೇ ಹೇಳುವಂತೆ ಇದು ವರದಾ ನದಿಯ ಹುಟ್ಟೂರು. ಇಲ್ಲಿ ಜನಿಸಿದ ವರದೆಯು ಉತ್ತರಾಭಿಮುಖವಾಗಿ ಹರಿದು, ಕದಂಬರ ರಾಜಧಾನಿಯಾಗಿದ್ದ ಬನವಾಸಿಯನ್ನು ಬಳಸಿಕೊಂಡು, ಹಾವೇರಿ ಜಿಲ್ಲೆಯ ಗಳಗನಾಥದ ಬಳಿ ತುಂಗಭದ್ರೆಯನ್ನು ಕೂಡುತ್ತಾಳೆ. ಆದಿಕವಿ ಪಂಪನ ಮನಸ್ಸನ್ನು ಸೆಳೆದ ಬನವಾಸಿಯ ಚೆಲುವಿಗೆ ನೀರೆರೆದವಳು ಇಲ್ಲಿ ಒಂದು ಕೊಳದ ಅಳತೆಯಲ್ಲಿ ನಿಂತಿರುವುದನ್ನು ಕಂಡಾಗ ಯಾತ್ರಿಕನಿಗೆ ಸೋಜಿಗವಾಗದಿರದು. ತೀರ್ಥ, ದೇವಿಯ ಗುಡಿ, ಸುತ್ತಲೂ ಅಡಕೆಯ ತೋಟ, ತೋಟದ ಆಚೆಗೆ ಕಾಡು. ನೋಡಬೇಕಾದದ್ದನ್ನೆಲ್ಲ ನೋಡಲು ಒಂದು ಗಂಟೆ ಸಾಕು.

ಆದರೆ ಸಂಜೆಯವರೆಗೆ ನಿಲ್ಲುವ ತಾಳ್ಮೆಯುಳ್ಳವರಿಗೆ ಈ ಸೀಮೆಯು ಇನ್ನೊಂದು ವಸ್ತುವನ್ನು ತೋರಿಸುತ್ತದೆ. ಅದು ಕತ್ತಲೆ. ಬೆಂಗಳೂರಿನಲ್ಲಿಯೋ ಹುಬ್ಬಳ್ಳಿಯಲ್ಲಿಯೋ ಬೆಳೆದ ಮಕ್ಕಳು ನಿಜವಾದ ಕತ್ತಲೆಯನ್ನು ಕಂಡಿರುವುದೇ ಅಪರೂಪ. ಅಲ್ಲಿ ರಾತ್ರಿಯೆಂದರೆ ಬೀದಿದೀಪದ ಹಳದಿ, ಅಂಗಡಿಗಳ ಬಿಳಿ, ವಾಹನಗಳ ಕೆಂಪು. ಮಲೆನಾಡಿನ ತೋಟದ ನಡುವೆ ಹೊತ್ತು ಮುಳುಗಿದರೆ ಮೊದಲು ಹಸಿರು ಹೋಗುತ್ತದೆ, ಅನಂತರ ಮರಗಳ ಆಕಾರ ಹೋಗುತ್ತದೆ, ಕಡೆಗೆ ತನ್ನ ಕೈಯೇ ತನಗೆ ಕಾಣದಂತಾಗುತ್ತದೆ. ಆಗ ಗರ್ಭಗುಡಿಯಲ್ಲಿ ಉರಿಯುವ ಒಂದೇ ಒಂದು ನಂದಾದೀಪಕ್ಕೆ ಎಷ್ಟು ದೊಡ್ಡ ಅಧಿಕಾರವುಂಟೆಂಬುದು ಅರ್ಥವಾಗುತ್ತದೆ. ಅದು ಏನನ್ನು ತೋರಿಸಬೇಕೋ ಅದನ್ನು ಮಾತ್ರ ತೋರಿಸುತ್ತದೆ. ಉಳಿದುದನ್ನು ನೋಡುವವನ ಊಹೆಗೆ ಬಿಡುತ್ತದೆ.

ರಂಗಭೂಮಿಯ ಬೆಳಕಿನ ವಿನ್ಯಾಸವೆಂಬ ಕಸುಬಿನ ಮೂಲಸೂತ್ರವೂ ಇದೇ. ಈ ಕಸುಬಿನ ಕನ್ನಡದ ಪಾಠಶಾಲೆಗಳಲ್ಲಿ ಒಂದು ಇದೇ ತಾಲ್ಲೂಕಿನ ಹೆಗ್ಗೋಡಿನಲ್ಲಿ ನೆಲೆಯೂರಿರುವುದು ಕೇವಲ ಆಕಸ್ಮಿಕವಿರಬಹುದು. ಆದರೆ ಬಹಳ ಹೊಂದಿಕೆಯಾದ ಆಕಸ್ಮಿಕ.

ಇಕ್ಕೇರಿಯ ಕಲ್ಲು ಹೇಳುವ ಪಾಠ

ಹೆಗ್ಗೋಡಿಗೆ ಹೋಗುವ ಮುನ್ನ ಇಕ್ಕೇರಿಯಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಕೆಳದಿಯ ಅರಸರ ರಾಜಧಾನಿಯಾಗಿದ್ದ ಈ ಊರಿನಲ್ಲಿ ಇಂದು ಅರಮನೆಯಿಲ್ಲ, ಕೋಟೆಯ ವೈಭವವಿಲ್ಲ. ಅಘೋರೇಶ್ವರನ ದೇವಾಲಯವೊಂದು ಮಾತ್ರ ಗಾಂಭೀರ್ಯದಿಂದ ನಿಂತಿದೆ. ಹೊರಗೆ ಬೇರೆಯದೇ ಆದ ನಂದಿಮಂಟಪ, ಪಕ್ಕದಲ್ಲಿ ದೇವಿಯ ಗುಡಿ. ಒಳಗೆ ದೇವರಿಗೆ ಎದುರಾಗಿ ನೆಲದ ಕಲ್ಲಿನಲ್ಲಿಯೇ ಕೆಳದಿಯ ಅರಸರ ಆಕೃತಿಗಳನ್ನು ಕೆತ್ತಿದ್ದಾರೆ. ರಾಜ್ಯವಾಳಿದವರು ಭಕ್ತರ ಕಾಲಡಿಯಲ್ಲಿ ನಮಸ್ಕರಿಸುತ್ತ ಮಲಗಿದ್ದಾರೆ.

ಈ ಆಕೃತಿಗಳು ನೆಲದಿಂದ ಮೇಲೆದ್ದಿರುವುದು ಅತ್ಯಲ್ಪ. ಕೈದೀಪವನ್ನು ನೇರವಾಗಿ ಮೇಲಿನಿಂದ ಹಿಡಿದರೆ ಅವು ನೆಲದ ಕಲೆಯಂತೆ ತೋರಿ ಮರೆಯಾಗುತ್ತವೆ. ಅದೇ ದೀಪವನ್ನು ನೆಲದ ಮಟ್ಟಕ್ಕೆ ತಂದು ಪಕ್ಕದಿಂದ ಹಾಯಿಸಿದರೆ, ಪ್ರತಿಯೊಂದು ಅಂಚಿಗೂ ನೆರಳು ಹುಟ್ಟಿ, ಕಲ್ಲಿನೊಳಗಿನಿಂದ ಮನುಷ್ಯನು ಎದ್ದು ಬರುತ್ತಾನೆ. ದೀಪ ಅದೇ, ಕಲ್ಲು ಅದೇ. ಬದಲಾದದ್ದು ಬೆಳಕು ಬರುವ ದಿಕ್ಕು ಒಂದೇ.

ಬೆಳಕಿನ ವಿನ್ಯಾಸಕನು ಮೊದಲ ವರ್ಷದಲ್ಲಿ ಕಲಿಯುವುದು ಇದನ್ನೇ. ನಟನ ಮುಖಕ್ಕೆ ನೇರ ಎದುರಿನಿಂದ ಬೆಳಕು ಬಿದ್ದರೆ ಮುಖವು ಚಪ್ಪಟೆಯಾಗುತ್ತದೆ; ಭಾವಚಿತ್ರ ಸ್ಪಷ್ಟವಾಗಿರುತ್ತದೆ, ಭಾವ ಮಾತ್ರ ಇರುವುದಿಲ್ಲ. ತಲೆಯ ಮೇಲಿನಿಂದಲೇ ಬಿದ್ದರೆ ಕಣ್ಣಿನ ಗುಳಿಗಳು ಕಪ್ಪಾಗಿ, ಬಳಲಿದವನಂತೆ, ಅಪರಾಧಿಯಂತೆ ಕಾಣುತ್ತಾನೆ. ಕಾಲ ಬಳಿಯಿಂದ ಮೇಲಕ್ಕೆ ಬಂದರೆ ಸಾಧುವೂ ರಾಕ್ಷಸನಾಗುತ್ತಾನೆ. ಬೆನ್ನ ಹಿಂದಿನಿಂದ ಬಂದರೆ ಕೂದಲಿನ ಸುತ್ತ ಒಂದು ಬೆಳ್ಳಿಯ ಗೆರೆ ಹುಟ್ಟಿ, ನಟನು ಹಿನ್ನೆಲೆಯ ಪರದೆಯಿಂದ ಬೇರ್ಪಟ್ಟು ನಿಲ್ಲುತ್ತಾನೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಸ್ಟ್ಯಾನ್ಲಿ ಮೆಕ್ಯಾಂಡ್ಲೆಸ್ ಎಂಬಾತನು 1932ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದಕ್ಕೊಂದು ಕ್ರಮವನ್ನು ಹಾಕಿಕೊಟ್ಟನು. ರಂಗವನ್ನು ಚಿಕ್ಕ ಚಿಕ್ಕ ಕ್ಷೇತ್ರಗಳಾಗಿ ಭಾಗಿಸಿ, ಪ್ರತಿ ಕ್ಷೇತ್ರಕ್ಕೂ ಎಡಬಲಗಳ ಮೇಲುಗಡೆಯಿಂದ ಸುಮಾರು 45 ಡಿಗ್ರಿಯ ಕೋನದಲ್ಲಿ ಎರಡು ದೀಪಗಳನ್ನು ಬೀರಬೇಕು. ಅವುಗಳಲ್ಲಿ ಒಂದು ಬೆಚ್ಚನೆಯ ಬಣ್ಣದ್ದು, ಇನ್ನೊಂದು ತಣ್ಣನೆಯ ಬಣ್ಣದ್ದಾಗಿರಬೇಕು, ಎಂಬುದು ಆತನ ಸೂತ್ರ. ಇಂದಿಗೂ ಜಗತ್ತಿನ ನಾಟಕಶಾಲೆಗಳಲ್ಲಿ ಪಾಠ ಆರಂಭವಾಗುವುದು ಈ ಸೂತ್ರದಿಂದಲೇ. ಬಲ್ಲವರಾದ ಮೇಲೆ ಅದನ್ನು ಮುರಿಯುವುದು ಬೇರೆಯ ಮಾತು.

ದೀವಟಿಗೆಯಿಂದ ಗ್ಯಾಸ್‌ಲೈಟಿಗೆ

ಈ ಪಾಠವು ಪಶ್ಚಿಮದಿಂದಲೇ ಬಂದುದೆಂದು ಭಾವಿಸಬೇಕಾಗಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಸೀಮೆಯು ಯಕ್ಷಗಾನದ ಸೀಮೆ. ಮಳೆಗಾಲ ಕಳೆದು ಗದ್ದೆಯ ಕೊಯಿಲು ಮುಗಿದ ಮೇಲೆ ಬಯಲಿನಲ್ಲಿ ರಂಗಸ್ಥಳ ಕಟ್ಟಿ, ರಾತ್ರಿಯಿಡೀ ಆಟವಾಡಿಸುವುದು ಇಲ್ಲಿನ ಹಳೆಯ ಪದ್ಧತಿ. ಹಿಂದೆ ಆ ಆಟಕ್ಕೆ ಬೆಳಕು ಕೊಡುತ್ತಿದ್ದುದು ರಂಗಸ್ಥಳದ ಎರಡು ಬದಿಗಳಲ್ಲಿ ಉರಿಯುತ್ತಿದ್ದ ಎಣ್ಣೆಯ ದೀವಟಿಗೆಗಳು. ಬೆಳಕು ಪಕ್ಕದಿಂದ ಬರುತ್ತಿತ್ತು, ಗಾಳಿಗೆ ಅಲುಗುತ್ತಿತ್ತು, ಕೆಂಪು ಬೆರೆತ ಹಳದಿಯಾಗಿತ್ತು.

ಯಕ್ಷಗಾನದ ವೇಷಭೂಷಣವನ್ನು ಹಗಲಿನ ಬಿಸಿಲಿನಲ್ಲಿ ನೋಡಿದವರಿಗೆ ಅದು ಅತಿಯಾಯಿತೆಂದು ತೋರಬಹುದು. ಹಗುರವಾದ ಮರದಲ್ಲಿ ಕೆತ್ತಿ, ಚಿನ್ನದ ಬಣ್ಣದ ಬೇಗಡೆ ಅಂಟಿಸಿ, ಕನ್ನಡಿಯ ಚೂರುಗಳನ್ನು ಕೂರಿಸಿದ ಕಿರೀಟ, ಭುಜಕೀರ್ತಿ, ಎದೆಪದಕಗಳು. ಕೆಂಪು, ಹಸಿರು, ಕಪ್ಪುಗಳ ದಟ್ಟ ಬಟ್ಟೆಗಳು. ಮುಖದ ಮೇಲಿನ ದಪ್ಪ ಗೆರೆಗಳು. ಅವೆಲ್ಲ ಉರಿಯುವ ಜ್ವಾಲೆಗೆಂದೇ ಮಾಡಿದ ಲೆಕ್ಕ. ಜ್ವಾಲೆ ಅಲುಗಿದಾಗ ಕನ್ನಡಿಯ ಚೂರುಗಳೂ ಅಲುಗುತ್ತವೆ. ವೇಷಧಾರಿ ತಿರುಗಿದಾಗ ಬೇಗಡೆಯ ಒಂದು ಬದಿ ಮಿಂಚಿ ಇನ್ನೊಂದು ಬದಿ ಆರುತ್ತದೆ. ಆ ವೇಷವನ್ನು ರೂಪಿಸಿದ ಅಜ್ಞಾತ ಕಲಾವಿದರು ಬೆಳಕಿನ ವಿನ್ಯಾಸಕರೂ ಆಗಿದ್ದರು. ದೀಪವನ್ನು ಬದಲಿಸಲಾಗದಿದ್ದಾಗ ದೀಪಕ್ಕೆ ತಕ್ಕಂತೆ ವೇಷವನ್ನು ಬದಲಿಸಿಕೊಂಡ ಜಾಣರು ಅವರು.

ಇಪ್ಪತ್ತನೆಯ ಶತಮಾನದಲ್ಲಿ ಸೀಮೆಎಣ್ಣೆಯ ಗ್ಯಾಸ್‌ಲೈಟು ಹಳ್ಳಿಗೆ ಬಂದಿತು. ಪಂಪು ಹೊಡೆದು, ಎಣ್ಣೆಯನ್ನು ಆವಿಯಾಗಿಸಿ, ರೇಷ್ಮೆಯಂತಹ ಬಲೆಯನ್ನು ಬೆಳ್ಳಗೆ ಕಾಯಿಸುವ ಈ ದೀಪವು ಸುಯ್ಯೆಂದು ಸದ್ದು ಮಾಡುತ್ತ ದೀವಟಿಗೆಯನ್ನು ಮೂಲೆಗೆ ತಳ್ಳಿತು. ಅದರ ಬೆನ್ನಿಗೆ ವಿದ್ಯುದ್ದೀಪ ಬಂದಿತು. ಜನರಿಗೆ ಆಟವು ಹೆಚ್ಚು ಕಾಣಿಸಿತು, ನಿಜ. ಆದರೆ ಅದುವರೆಗೆ ಅರಿಯದ ಕೆಲವು ಸಂಗತಿಗಳೂ ಕಾಣಿಸತೊಡಗಿದವು: ಬಣ್ಣದ ಬಿರುಕು, ಬಟ್ಟೆಯ ತೇಪೆ, ಬೇಗಡೆಯ ಸುಕ್ಕು. ಹೆಚ್ಚು ಬೆಳಕೆಂದರೆ ಹೆಚ್ಚು ಸೊಗಸೆಂದು ಅರ್ಥವಲ್ಲವೆಂಬ ಅನುಭವವು ಈ ಸೀಮೆಯ ಜನರಿಗೆ ಹೀಗೆ ಬಂದಿತು.

ಕಂಪನಿ ನಾಟಕಗಳ ಕಾಲದಲ್ಲಿ ಬೆಳಕು ಇನ್ನೊಂದು ರೂಪವನ್ನು ತಾಳಿತು. ಗುಬ್ಬಿ ವೀರಣ್ಣನವರಂತಹ ಸಾಹಸಿಗಳು ಆನೆ ಕುದುರೆಗಳನ್ನೇ ರಂಗಕ್ಕೆ ತಂದವರು. ಪ್ರೇಕ್ಷಕರ ಕಣ್ಣು ಕೋರೈಸುವುದೇ ಅಂದಿನ ಗುರಿ. ಬಣ್ಣದ ಗಾಜು, ತಟ್ಟನೆ ಹೊಳೆದು ಆರುವ ಮಿಂಚು, ದೇವರು ಪ್ರತ್ಯಕ್ಷನಾದಾಗ ಝಗ್ಗನೆ ಬೀಳುವ ಬೆಳಕು, ಇವೆಲ್ಲ ಜನರ ಬಾಯಲ್ಲಿ ‘ಸೀನರಿ’ಯ ಜತೆಗೇ ಸೇರಿಕೊಂಡವು. ಬೆಳಕಿನವನಿಗೆ ಆಗ ಪ್ರತ್ಯೇಕವಾದ ಹೆಸರಿರಲಿಲ್ಲ; ಅವನು ಕಂಪನಿಯ ‘ಲೈಟಿನವನು’, ಅಷ್ಟೆ.

ಜಗತ್ತಿನ ಇತರೆಡೆಗಳಲ್ಲಿಯೂ ಈ ಹಾದಿಯು ಸುಗಮವಾಗಿರಲಿಲ್ಲ. 1837ರಲ್ಲಿ ಲಂಡನ್ನಿನ ಕೋವೆಂಟ್ ಗಾರ್ಡನ್ ರಂಗಮಂದಿರದಲ್ಲಿ ಸುಣ್ಣದ ಗಟ್ಟಿಯನ್ನು ತೀವ್ರವಾದ ಉರಿಯಲ್ಲಿ ಕಾಯಿಸಿ ಪಡೆದ ಪ್ರಖರ ಬೆಳಕನ್ನು ನಟರ ಮೇಲೆ ಬೀರಿದರು. ಕಲ್ಲಿದ್ದಲಿನ ಅನಿಲದ ದೀಪಗಳ ಕಾಲವು ಬೆಂಕಿಯ ಅನಾಹುತಗಳ ಕಾಲವೂ ಆಗಿತ್ತು. 1881ರ ಡಿಸೆಂಬರಿನಲ್ಲಿ ವಿಯೆನ್ನಾ ನಗರದ ರಿಂಗ್ ಥಿಯೇಟರ್ ಹೊತ್ತಿ ಉರಿದು ನೂರಾರು ಮಂದಿ ಪ್ರೇಕ್ಷಕರು ಸತ್ತರು. ಅದೇ ವರ್ಷವೇ ಲಂಡನ್ನಿನ ಸವಾಯ್ ರಂಗಮಂದಿರವು ಸುಮಾರು 1,200 ವಿದ್ಯುದ್ದೀಪಗಳಿಂದ ಬೆಳಗಿ ಹೊಸ ಯುಗವನ್ನು ತೆರೆಯಿತು. ಸ್ವಿಟ್ಜರ್ಲೆಂಡಿನ ಅಡಾಲ್ಫ್ ಅಪಿಯಾ (1862–1928) ಎಂಬ ದಾರ್ಶನಿಕನು, ಬೆಳಕು ಕೇವಲ ತೋರಿಸುವ ಸಾಧನವಲ್ಲ, ಸಂಗೀತದಂತೆ ಅದಕ್ಕೂ ಲಯವುಂಟು, ನೆರಳಿಗೂ ಅಷ್ಟೇ ಬೆಲೆಯುಂಟು, ಎಂದು ವಾದಿಸಿದನು. ಇಂದಿನ ಬೆಳಕಿನ ವಿನ್ಯಾಸವೆಲ್ಲ ಆ ವಾದದ ಸಂತಾನ.

ಈ ಬೆಳಕು ಎಲ್ಲಿಯದು?

ಸಾಗರದಿಂದ ಸುಮಾರು ಮೂವತ್ತು ಕಿಲೋಮೀಟರು ದೂರದಲ್ಲಿ ಜೋಗದ ಜಲಪಾತವಿದೆ. ಅಲ್ಲಿಯ ಮಹಾತ್ಮಾ ಗಾಂಧಿ ಜಲವಿದ್ಯುದಾಗಾರವು ಕೆಲಸ ಆರಂಭಿಸಿದ್ದು 1948ರಲ್ಲಿ. ಅನಂತರ 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಎದ್ದಿತು. ಶರಾವತಿ ವಿದ್ಯುದಾಗಾರವು ಹಂತಹಂತವಾಗಿ ಬೆಳೆದು 1,035 ಮೆಗಾವ್ಯಾಟ್ ಸಾಮರ್ಥ್ಯವನ್ನು ಪಡೆಯಿತು. ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದಲ್ಲಿ ತೆರೆ ಸರಿದು ಬೆಳಕು ಮೂಡಿದಾಗ ಅದರಲ್ಲಿ ಶರಾವತಿಯ ಪಾಲು ಎಷ್ಟೋ ಕಾಲ ದೊಡ್ಡದಾಗಿಯೇ ಇತ್ತು.

ಆ ಬೆಳಕಿನ ಬೆಲೆಯನ್ನು ತೆತ್ತವರು ಈ ಸೀಮೆಯವರು. ಸುಮಾರು ಮುನ್ನೂರು ಚದರ ಕಿಲೋಮೀಟರುಗಳ ಹಿನ್ನೀರಿನಲ್ಲಿ ಸಾಗರ, ಹೊಸನಗರ ತಾಲ್ಲೂಕುಗಳ ಹಳ್ಳಿಗಳು, ತೋಟಗಳು, ಗುಡಿಗಳು ಮುಳುಗಿದವು. ಸಾವಿರಾರು ಕುಟುಂಬಗಳು ಗಂಟು ಕಟ್ಟಿಕೊಂಡು ಹೊರಟವು; ಅವರಲ್ಲಿ ಅನೇಕರಿಗೆ ಹೊಸ ಜಾಗದ ಭೂಮಿಯ ಹಕ್ಕು ದಶಕಗಳ ಕಾಲ ತಕರಾರಿನಲ್ಲಿಯೇ ಉಳಿಯಿತು. ನಾಡಿಗೆಲ್ಲ ದೀಪ ಹಚ್ಚಿದ ನೀರಿನ ದಂಡೆಯಲ್ಲಿಯೇ ಎಷ್ಟೋ ಹಳ್ಳಿಗಳು ಬಹುಕಾಲ ಚಿಮಣಿಯ ಬುಡದಲ್ಲಿ ಕುಳಿತಿದ್ದವು. ಸಾಗರದ ಕಾದಂಬರಿಕಾರ ನಾ. ಡಿಸೋಜ (1937–2025) ಅವರು ತಮ್ಮ ಬರಹದಲ್ಲಿ ಮತ್ತೆ ಮತ್ತೆ ಹಿಂತಿರುಗಿದ್ದು ಈ ಮುಳುಗಡೆಯ ಕಥೆಗೇ. ಅವರ ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿಯವರು 2002ರಲ್ಲಿ ಚಲನಚಿತ್ರವಾಗಿಸಿದರು.

ಬೆಳಕಿನ ಕಸುಬು ಕಲಿಯಲು ಈ ತಾಲ್ಲೂಕಿಗೆ ಬರುವ ಹುಡುಗನಿಗೆ ಈ ಇತಿಹಾಸವೂ ಪಾಠದ ಒಂದು ಭಾಗವಾಗಬೇಕು. ಸಾವಿರ ವ್ಯಾಟಿನ ಇಪ್ಪತ್ತು ದೀಪಗಳು ಒಮ್ಮೆಲೇ ಉರಿದರೆ ಇಪ್ಪತ್ತು ಕಿಲೋವ್ಯಾಟ್ ಆಯಿತು. ಹಳ್ಳಿಯ ಹಲವು ಮನೆಗಳು ಒಟ್ಟಾಗಿ ಬಳಸುವಷ್ಟು ವಿದ್ಯುತ್ತು. ಬೇಡದ ಒಂದು ದೀಪವನ್ನು ಆರಿಸುವುದು ಕಲೆಯ ಮಿತವೂ ಹೌದು, ಋಣದ ಅರಿವೂ ಹೌದು.

ಹೆಗ್ಗೋಡಿನ ಪಾಠಶಾಲೆ

ಸಾಗರದಿಂದ ಎಂಟು ಹತ್ತು ಕಿಲೋಮೀಟರು ದೂರದ ಹೆಗ್ಗೋಡು, ನಾಟಕದ ವಿಷಯದಲ್ಲಿ ಇಡೀ ದೇಶಕ್ಕೇ ಪರಿಚಿತವಾದ ಹಳ್ಳಿ. 1949ರಲ್ಲಿ ಊರಿನವರು ಕೂಡಿ ನೀಲಕಂಠೇಶ್ವರ ನಾಟ್ಯಸೇವಾ ಸಂಘವನ್ನು ಕಟ್ಟಿದಾಗ ಮಲೆನಾಡಿನ ಹಳ್ಳಿಗಳಿಗೆ ವಿದ್ಯುತ್ತೆಂಬುದು ಅಪರೂಪದ ವಸ್ತುವಾಗಿತ್ತು. ಅಡಕೆ ಕೃಷಿಕರಾಗಿದ್ದ ಕೆ.ವಿ. ಸುಬ್ಬಣ್ಣನವರ (1932–2005) ನೇತೃತ್ವದಲ್ಲಿ ಈ ಸಂಘವು ‘ನೀನಾಸಮ್’ ಎಂಬ ಹೆಸರಿನಿಂದ ಬೆಳೆಯಿತು. 1972ರಲ್ಲಿ ಶಿವರಾಮ ಕಾರಂತರ ಹೆಸರಿನ ರಂಗಮಂದಿರ, 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ‘ತಿರುಗಾಟ’ ಎಂಬ ಸಂಚಾರಿ ತಂಡ, ಹೀಗೆ ಒಂದರ ಹಿಂದೆ ಒಂದು ಬಂದವು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ, ಹಳ್ಳಿಯಲ್ಲಿದ್ದುಕೊಂಡೇ ಜಗತ್ತಿನೊಡನೆ ಮಾತನಾಡಬಹುದೆಂಬುದಕ್ಕೆ ಮುದ್ರೆ ಬಿದ್ದಂತಾಯಿತು.

ರಂಗಶಿಕ್ಷಣ ಕೇಂದ್ರದಲ್ಲಿ ವಿದ್ಯಾರ್ಥಿಯು ನಟನೆಯ ಜೊತೆಗೆ ರಂಗಸಜ್ಜಿಕೆ, ಪ್ರಸಾಧನ, ಬೆಳಕುಗಳನ್ನೂ ಕಲಿಯಬೇಕು. ನಟನಾಗಬೇಕೆಂದು ಬಂದವರಲ್ಲಿ ಕೆಲವರು ಏಣಿ ಹತ್ತಿದ ಮೇಲೆ ಇಳಿಯಲೊಲ್ಲದೆ ಬೆಳಕಿನವರಾಗುತ್ತಾರೆ. ರಂಗದ ಮೇಲೆ ನಿಂತು ಕಾಣಿಸಿಕೊಳ್ಳುವ ಆಸೆಗಿಂತ, ಕತ್ತಲಲ್ಲಿ ಕುಳಿತು ಕಾಣಿಸುವ ಆಸೆಯು ಅವರನ್ನು ಹಿಡಿಯುತ್ತದೆ.

ಆದರೆ ನಿಜವಾದ ಪರೀಕ್ಷೆ ತಿರುಗಾಟದಲ್ಲಿ. ಕೆಲವು ನಾಟಕಗಳನ್ನು ಸಿದ್ಧಮಾಡಿಕೊಂಡು, ಸಜ್ಜಿಕೆ, ಬಟ್ಟೆ, ದೀಪಗಳನ್ನೆಲ್ಲ ವಾಹನಕ್ಕೆ ಹೇರಿಕೊಂಡು, ತಂಡವು ಊರೂರು ಸುತ್ತುತ್ತದೆ. ನಿನ್ನೆ ಸುಸಜ್ಜಿತ ರಂಗಮಂದಿರ, ಇಂದು ಶಾಲೆಯ ಅಂಗಳ, ನಾಳೆ ಕಲ್ಯಾಣಮಂಟಪ. ಒಂದೆಡೆ ದೀಪ ಕಟ್ಟಲು ಕಬ್ಬಿಣದ ತೊಲೆಯಿದ್ದರೆ, ಇನ್ನೊಂದೆಡೆ ಬಿದಿರಿನ ಗಳು. ಎತ್ತರ ಬೇರೆ, ಅಗಲ ಬೇರೆ, ವಿದ್ಯುತ್ತಿನ ಒತ್ತಡವೂ ಬೇರೆ. ದೀಪದ ದೂರವು ಎರಡರಷ್ಟಾದರೆ ಬೆಳಕು ಅರ್ಧಕ್ಕಲ್ಲ, ನಾಲ್ಕರಲ್ಲಿ ಒಂದು ಪಾಲಿಗೆ ಇಳಿಯುತ್ತದೆಂಬ ಭೌತಶಾಸ್ತ್ರದ ನಿಯಮವು ಪುಸ್ತಕದಲ್ಲಿ ಒಂದು ಸಾಲು. ತಿರುಗಾಟದಲ್ಲಿ ಅದು ಪ್ರತಿದಿನದ ಜಗಳ. ಮಧ್ಯಾಹ್ನ ಬಂದು, ಸಂಜೆಯೊಳಗೆ ಎಲ್ಲವನ್ನೂ ಕಟ್ಟಿ, ರಾತ್ರಿ ಆಡಿ, ನಡುರಾತ್ರಿಯಲ್ಲಿ ಬಿಚ್ಚಿ ಹೇರಿ ಹೊರಡುವ ಈ ಬಾಳಿನಲ್ಲಿ, ಯಾವ ದೀಪವಿಲ್ಲದೆ ನಾಟಕ ನಡೆಯುತ್ತದೆ, ಯಾವುದಿಲ್ಲದೆ ನಡೆಯದು ಎಂಬ ವಿವೇಕವು ತಾನಾಗಿ ಬರುತ್ತದೆ.

ಕಸುಬಿನ ಒಳಗುಟ್ಟು

ಮನೆಯವರಿಗೆ ಈ ಕೆಲಸವೆಂದರೆ ಸ್ವಿಚ್ಚು ಒತ್ತುವುದೆಂದೇ ಭಾವನೆ. ವಾಸ್ತವದಲ್ಲಿ ಬೆಳಕಿನ ವಿನ್ಯಾಸಕನು ದೀಪವನ್ನು ಮುಟ್ಟುವುದು ಕೊನೆಗೆ. ಮೊದಲು ಆತನು ನಾಟಕವನ್ನು ಓದಬೇಕು: ಇದು ಯಾವ ಹೊತ್ತು, ಯಾವ ಋತು, ಒಳಮನೆಯೋ ಬಯಲೋ, ಈ ದೃಶ್ಯದಲ್ಲಿ ಯಾರ ಮುಖ ಕಾಣಬೇಕು, ಯಾರದು ಕಾಣದಿದ್ದರೆ ಚೆನ್ನ. ಅನಂತರ ತಾಲೀಮಿನಲ್ಲಿ ಕುಳಿತು ನಟರು ಎಲ್ಲಿ ನಿಲ್ಲುತ್ತಾರೆ, ಎಲ್ಲಿ ತಿರುಗುತ್ತಾರೆ ಎಂಬುದನ್ನು ಗುರುತಿಸಿಕೊಳ್ಳಬೇಕು. ಅನಂತರ ರಂಗದ ನಕ್ಷೆಯ ಮೇಲೆ ದೀಪಗಳ ಸ್ಥಾನವನ್ನು ಬರೆದು, ಯಾವ ಮಾತಿಗೆ ಯಾವ ಬೆಳಕು, ಎಷ್ಟು ಸೆಕೆಂಡಿನಲ್ಲಿ ಏರಬೇಕು, ಎಷ್ಟರಲ್ಲಿ ಇಳಿಯಬೇಕು ಎಂಬ ಪಟ್ಟಿಯನ್ನು ಸಿದ್ಧಪಡಿಸಬೇಕು. ಇಷ್ಟಾದ ಮೇಲೆ ಏಣಿ.

ದೀಪಗಳಲ್ಲಿಯೂ ಜಾತಿಗಳುಂಟು. ಅಂಚು ಮೃದುವಾಗಿ ಕರಗುವ ಬೆಳಕಿಗೆ ಫ್ರೆನೆಲ್ ದೀಪ. ಅದರ ಗಾಜಿನ ಮೇಲೆ ಬಳೆಗಳಂತೆ ಕಾಣುವ ಸುತ್ತುಗಳಿರುತ್ತವೆ. ಫ್ರಾನ್ಸಿನ ವಿಜ್ಞಾನಿ ಅಗಸ್ಟಿನ್ ಫ್ರೆನೆಲ್ (1788–1827) ಇದನ್ನು ರೂಪಿಸಿದ್ದು ಸಮುದ್ರದ ದೀಪಸ್ತಂಭಗಳಿಗಾಗಿ. ಹಡಗುಗಳಿಗೆ ದಾರಿ ತೋರಿದ ಗಾಜು ಮುಂದೆ ಶಕುಂತಲೆಗೂ ಹ್ಯಾಮ್ಲೆಟನಿಗೂ ದಾರಿ ತೋರಿತು. ಕತ್ತರಿಸಿದಂತೆ ಚೊಕ್ಕವಾದ ಅಂಚಿಗೆ ಬೇರೆ ದೀಪ. ಒಂದೇ ಹೊಡೆತಕ್ಕೆ ರಂಗವನ್ನು ತುಂಬಲು ಮತ್ತೊಂದು. ಬಣ್ಣಕ್ಕೆ ದೀಪದ ಮುಂದೆ ಪಾರದರ್ಶಕ ಹಾಳೆ. ಬಣ್ಣದ ಪೆಟ್ಟಿಗೆಯಲ್ಲಿ ಕೆಂಪು, ಹಸಿರು, ನೀಲಿಗಳನ್ನು ಬೆರೆಸಿದರೆ ಮಸಿಯಾಗುತ್ತದೆ. ಬೆಳಕಿನಲ್ಲಿ ಅವೇ ಮೂರು ಕೂಡಿದರೆ ಬಿಳಿಯಾಗುತ್ತದೆ. ಮಕ್ಕಳಿಗೆ ಇದನ್ನು ತೋರಿಸಿದರೆ ಅವರ ಕಣ್ಣರಳುವುದನ್ನು ನೋಡಬೇಕು.

ಬೆಳಕನ್ನು ಏರಿಸಿ ಇಳಿಸುವ ಉಪಾಯದ ಕಥೆಯಂತೂ ರೋಚಕವಾದುದು. ಸಾಧನಗಳಿಗೆ ಹಣವಿಲ್ಲದ ಹಿಂದಿನ ಹವ್ಯಾಸಿ ತಂಡಗಳು ಉಪ್ಪುನೀರಿನ ಜಾಡಿಯನ್ನು ಬಳಸುತ್ತಿದ್ದವು. ನೀರಿನಲ್ಲಿ ಎರಡು ಲೋಹದ ತಗಡುಗಳು. ಒಂದನ್ನು ಆಳಕ್ಕೆ ಇಳಿಸಿದಂತೆ ವಿದ್ಯುತ್ತು ಹೆಚ್ಚು ಹರಿದು ದೀಪ ಬೆಳಗುತ್ತದೆ, ಮೇಲೆತ್ತಿದಂತೆ ಮಂಕಾಗುತ್ತದೆ. ಸೂರ್ಯೋದಯವಾಗಬೇಕಾದರೆ ಪರದೆಯ ಹಿಂದೆ ಒಬ್ಬನು ಜಾಡಿಯ ಮುಂದೆ ಉಸಿರು ಬಿಗಿಹಿಡಿದು ಕುಳಿತಿರಬೇಕು. ನೀರು ಕಾದು ಕುದಿಯುತ್ತಿತ್ತು. ಮುಟ್ಟಿದರೆ ಪ್ರಾಣಕ್ಕೇ ಸಂಚಕಾರ. (ಇದನ್ನು ಯಾರೂ ಮನೆಯಲ್ಲಿ ಪ್ರಯೋಗಿಸತಕ್ಕದ್ದಲ್ಲ.) ದೀಪದ ಗೂಡುಗಳನ್ನಾದರೋ ಡಾಲ್ಡಾ ಡಬ್ಬಿಗಳಿಂದ ಕತ್ತರಿಸಿ ಮಾಡುತ್ತಿದ್ದರು. ಮುಂದೆ ಥೈರಿಸ್ಟರ್ ಎಂಬ ಸಾಧನವು ಬಂದು ಜಾಡಿಯನ್ನು ನಿವೃತ್ತಿಗೊಳಿಸಿತು. ಅದು ವಿದ್ಯುತ್ತಿನ ಪ್ರತಿಯೊಂದು ಅಲೆಯನ್ನೂ ಸ್ವಲ್ಪ ತಡೆದು, ಬೇಕಾದಷ್ಟನ್ನು ಮಾತ್ರ ಒಳಗೆ ಬಿಡುತ್ತದೆ. ಅದೂ ಸೆಕೆಂಡಿಗೆ ನೂರು ಬಾರಿ.

ಈಗ ಎಲ್‌ಇಡಿ ದೀಪಗಳ ಕಾಲ. ವಿದ್ಯುತ್ತು ಕಡಮೆ, ಕಾವು ಕಡಮೆ, ಒಂದೇ ದೀಪದಲ್ಲಿ ಹಲವು ಬಣ್ಣ. ಲಾಭವು ಸ್ಪಷ್ಟ. ಆದರೂ ಹಳಬರಿಗೆ ಒಂದು ಕೊರಗುಂಟು. ಹಳೆಯ ತಂತಿಯ ದೀಪವನ್ನು ನಿಧಾನವಾಗಿ ಇಳಿಸಿದಾಗ ಅದು ಬಿಳಿಯಿಂದ ಹಳದಿಗೆ, ಹಳದಿಯಿಂದ ಕೆಂಪಿಗೆ ಹೋಗಿ ಆರುತ್ತಿತ್ತು, ಸಂಜೆ ಮುಳುಗಿದ ಹಾಗೆ. ಹೊಸ ದೀಪವು ಕಲಿಸಿದ ಹೊರತು ಹಾಗೆ ಸಾಯದು. ಇದ್ದ ಬಣ್ಣದಲ್ಲಿಯೇ ಸಣ್ಣದಾಗಿ ಮರೆಯಾಗುತ್ತದೆ.

ಹೆಸರಿಲ್ಲದವರ ಬಾಳು

ನಮ್ಮ ದೇಶದಲ್ಲಿ ಬೆಳಕಿನವನನ್ನು ಕಲಾವಿದನೆಂದು ಒಪ್ಪಿಸಿದವರಲ್ಲಿ ತಾಪಸ್ ಸೇನ್ (1924–2006) ಅಗ್ರಗಣ್ಯರು. 1959ರಲ್ಲಿ ಕಲಕತ್ತೆಯ ಮಿನರ್ವಾ ರಂಗಮಂದಿರದಲ್ಲಿ ಉತ್ಪಲ್ ದತ್ತರ ‘ಅಂಗಾರ್’ ನಾಟಕದ ಕೊನೆಗೆ, ಕಲ್ಲಿದ್ದಲಿನ ಗಣಿಯೊಳಗೆ ನೀರು ನುಗ್ಗಿ ಕೂಲಿಕಾರರು ಮುಳುಗುವ ದೃಶ್ಯವನ್ನು ಅವರು ಕೇವಲ ಬೆಳಕಿನಿಂದ ತೋರಿಸಿದರು. ರಂಗದ ಮೇಲೆ ಒಂದು ಹನಿ ನೀರಿರಲಿಲ್ಲ. ಜನ ಬೆವತು ಕುಳಿತರು. ಕೇಂದ್ರ ಸಂಗೀತ ನಾಟಕ ಅಕಾಡೆಮಿಯು ಅವರಿಗೆ 1974ರಲ್ಲಿಯೂ, ಅನಂತರ ವಿ. ರಾಮಮೂರ್ತಿ ಮೊದಲಾದ ಇತರ ಬೆಳಕಿನ ವಿನ್ಯಾಸಕರಿಗೂ ಪ್ರಶಸ್ತಿ ನೀಡಿ, ಈ ಕಸುಬನ್ನು ನಟನೆ ನಿರ್ದೇಶನಗಳ ಪಂಕ್ತಿಗೆ ಸೇರಿಸಿತು.

ಆದರೆ ಪ್ರಶಸ್ತಿಯು ಕೆಲವರಿಗೆ, ಹೊಟ್ಟೆ ಎಲ್ಲರಿಗೂ. ಮಗನೋ ಮಗಳೋ ಈ ದಾರಿ ಹಿಡಿಯುತ್ತೇನೆಂದಾಗ ಮಧ್ಯಮ ವರ್ಗದ ಮನೆಯಲ್ಲಿ ಏಳುವ ಪ್ರಶ್ನೆಯು ನ್ಯಾಯವಾದುದೇ: ಇದರಿಂದ ಸಂಸಾರ ನಡೆದೀತೆ? ಪ್ರಾಮಾಣಿಕವಾದ ಉತ್ತರವೆಂದರೆ, ಕೇವಲ ಕನ್ನಡ ನಾಟಕದಿಂದ ನಡೆಯುವುದು ಕಷ್ಟ. ಹವ್ಯಾಸಿ ತಂಡದ ಖರ್ಚಿನ ಪಟ್ಟಿಯಲ್ಲಿ ಸಭಾಂಗಣದ ಬಾಡಿಗೆ, ದೀಪಗಳ ಬಾಡಿಗೆಗಳು ಮೊದಲು; ದೀಪವನ್ನು ಎಲ್ಲಿಡಬೇಕೆಂದು ಯೋಚಿಸಿದವನ ಸಂಭಾವನೆಯು ಕೊನೆಗೆ. ಆದುದರಿಂದ ಈ ಕಸುಬಿನವರು ನೃತ್ಯದ ರಂಗಪ್ರವೇಶಗಳಿಗೆ, ಸಂಗೀತ ಸಭೆಗಳಿಗೆ, ಶಾಲೆಗಳ ವಾರ್ಷಿಕೋತ್ಸವಗಳಿಗೆ, ಕಂಪನಿಗಳ ಸಮಾರಂಭಗಳಿಗೆ, ಚಿತ್ರೀಕರಣಗಳಿಗೆ ಹೋಗಿ ದುಡಿದು, ನಾಟಕಕ್ಕೆ ಪ್ರೀತಿಯಿಂದ ಮರಳುತ್ತಾರೆ. ಕೆಲವರು ದೆಹಲಿಯ ರಾಷ್ಟ್ರೀಯ ನಾಟಕಶಾಲೆಗೆ ಹೋಗಿ ಹೆಚ್ಚಿನ ಅಭ್ಯಾಸ ಮಾಡುತ್ತಾರೆ, ಕೆಲವರು ಅಧ್ಯಾಪಕರಾಗುತ್ತಾರೆ, ಕೆಲವರು ದೀಪಗಳನ್ನು ಕೊಂಡು ಬಾಡಿಗೆಯ ವ್ಯಾಪಾರ ಹೂಡುತ್ತಾರೆ. 2020ರಲ್ಲಿ ಕೊರೋನಾ ಪಿಡುಗಿನಿಂದ ರಂಗಮಂದಿರಗಳ ಬಾಗಿಲು ಮುಚ್ಚಿದಾಗ ಎಲ್ಲರಿಗಿಂತ ಮೊದಲು ಕೆಲಸ ಕಳೆದುಕೊಂಡು, ಎಲ್ಲರಿಗಿಂತ ತಡವಾಗಿ ಮರಳಿ ಪಡೆದವರಲ್ಲಿ ತೆರೆಮರೆಯ ಈ ಮಂದಿಯೂ ಸೇರಿದ್ದರು. ನಟನ ಮುಖ ಜನರಿಗೆ ನೆನಪಿತ್ತು. ಆ ಮುಖವನ್ನು ಕಾಣಿಸಿದವನ ಹೆಸರು ಯಾರಿಗೂ ತಿಳಿದಿರಲಿಲ್ಲ.

ಹಾಗಿದ್ದೂ ಪ್ರತಿ ವರ್ಷವೂ ಹಳ್ಳಿಯ ಹುಡುಗರು, ಈಗ ಹುಡುಗಿಯರೂ, ಏಣಿ ಹತ್ತುತ್ತಿದ್ದಾರೆ. ಕಾರಣವನ್ನು ಹುಡುಕುವುದು ಕಷ್ಟವಲ್ಲ. ಐನೂರು ಜನರು ಕುಳಿತಿರುವ ಸಭಾಂಗಣದಲ್ಲಿ, ಯಾರೊಬ್ಬರ ಗಮನಕ್ಕೂ ಬಾರದಂತೆ, ಎರಡು ನಿಮಿಷಗಳ ಕಾಲ ಹಗಲನ್ನು ಸಂಜೆಯಾಗಿಸುವುದು ಸಣ್ಣ ಸಂತೋಷವಲ್ಲ. ಪ್ರೇಕ್ಷಕನು ‘ಆಹಾ, ಎಂಥ ಲೈಟು!’ ಎಂದರೆ ಬಲ್ಲ ವಿನ್ಯಾಸಕನು ತನ್ನಲ್ಲಿಯೇ ತಪ್ಪು ಹುಡುಕುತ್ತಾನೆ. ‘ಅವಳು ಒಂಟಿಯಾಗಿ ನಿಂತಾಗ ಏಕೋ ಅಳು ಬಂದಿತು’ ಎಂದರೆ ಅದೇ ಆತನ ಸಂಭಾವನೆ.

ಹೋಗುವವರಿಗೆ

ಸಾಗರಕ್ಕೆ ರೈಲೂ ಬಸ್ಸೂ ಉಂಟು. ಮಳೆ ನಿಂತ ಮೇಲಿನ ಕಾಲ, ಅಕ್ಟೋಬರಿನಿಂದ ಮುಂದೆ, ಪ್ರವಾಸಕ್ಕೆ ಹಿತ. ಬೆಳಗ್ಗೆ ಕೆಳದಿ, ಮಧ್ಯಾಹ್ನ ಇಕ್ಕೇರಿ, ಇಳಿಹೊತ್ತಿಗೆ ವರದಮೂಲವೆಂದು ಇಟ್ಟುಕೊಂಡರೆ ಒಂದು ದಿನಕ್ಕೆ ಸಾಕು. ಹೆಗ್ಗೋಡಿಗೆ ಹೋಗುವವರು ನಾಟಕವಿರುವ ದಿನವನ್ನು ಮುಂಚಿತವಾಗಿ ವಿಚಾರಿಸಿಕೊಂಡು ಹೋಗಬೇಕು; ಬರಿಯ ಕಟ್ಟಡವನ್ನು ನೋಡಿ ಬಂದರೆ ಸಮುದ್ರವಿಲ್ಲದ ದಂಡೆಯನ್ನು ನೋಡಿ ಬಂದಂತೆ.

ನಾಟಕ ಮುಗಿದ ಮೇಲೆ ಕಲಾವಿದರೆಲ್ಲ ಸಾಲಾಗಿ ನಿಂತು ಕೈಮುಗಿಯುತ್ತಾರೆ. ಆಗ ಮಕ್ಕಳೊಡನೆ ಬಂದವರು ಚಪ್ಪಾಳೆ ತಟ್ಟುತ್ತ ಒಮ್ಮೆ ಹಿಂತಿರುಗಿ ನೋಡುವುದೊಳ್ಳೆಯದು. ಸಭಾಂಗಣದ ಹಿಂಬದಿಯ ಕತ್ತಲೆಯಲ್ಲಿ, ಗುಂಡಿಗಳ ಹಲಗೆಯ ಮುಂದೆ, ಒಬ್ಬನು ಕೊನೆಯ ದೀಪವನ್ನು ಇಳಿಸಲು ಕಾಯುತ್ತ ಕುಳಿತಿರುತ್ತಾನೆ. ಚಪ್ಪಾಳೆಯಲ್ಲಿ ಅವನ ಪಾಲೂ ಇದೆ.